ನಿಂತು ನಿಂತು ಸಾಗಿದ ರಸ್ತೆ

ನಿಧಾನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನ ಬಸ್ಸಿನ ಹಿಂದಿನ ಸೀಟುಗಳಲ್ಲಿ ಕೂತು ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯರು ಇಟ್ಟದ್ದು. "ಈ ನಿಧಾನಪ್ಪನ ಬಸ್ಸು ಹತ್ತಿ ಮದುವೆಗೆ ಹೊರಟ್ರೆ ಮಗು ತೂಗೋ ಹೊತ್ತಿಗೆ ತಲುಪ್ತೀವಿ" ಎಂದು ಅವರಲ್ಲೊಬ್ಬಳು ಒಂದು ದಿನ ಎಲ್ಲರಿಗೂ ಕೇಳುವಂತೆ ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರೂ ಕನ್ನಡಿಯಲ್ಲಿ ನಕ್ಕ. ಅಲ್ಲಿಂದ ಆ ಹೆಸರು ಡಿಪೋಗೆ ಹೋಯಿತು, ಬೀದಿಗೆ ಬಂತು, ಕೊನೆಗೆ ಮನೆಯೊಳಕ್ಕೂ ಕಾಲಿಟ್ಟಿತು. ಅವನಿಗೇನೂ ಬೇಸರವಿರಲಿಲ್ಲ. ಹತ್ತಿದ ಮುದುಕಿ ಸೀಟಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುವವರೆಗೂ ಅವನು ಕ್ಲಚ್ಚಿನ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ. ಹಿಂದಿನ ಬಸ್ಸಿನವರು ಹಾರನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು.

ಅಷ್ಟು ಜೋಪಾನದ ಮನುಷ್ಯನ ಬಸ್ಸೇ ಒಂದು ಬೆಳಿಗ್ಗೆ ಅಂಚೆ ಕಚೇರಿಯ ತಿರುವಿನಲ್ಲಿ ತಿರುಗದೆ ನೇರವಾಗಿ ಹೋಗಿ, ಫುಟ್‌ಪಾತ್ ಹತ್ತಿ, ಪಾರ್ಕಿನ ಗೋಡೆಗೆ ಗುದ್ದಿತು. ವೇಗವಿರಲಿಲ್ಲವಾದ್ದರಿಂದ ಜೀವಹಾನಿಯಾಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಹೊಲಿಗೆ ಕೆಲಸದ ಹೆಂಗಸೊಬ್ಬಳ ಬಲಗೈ ಮಣಿಕಟ್ಟು ಮುರಿಯಿತು. "ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಯ್ತು, ಒತ್ತಿದ್ರೂ ಹಿಡೀಲಿಲ್ಲ" ಎಂದು ನಿಧಾನಪ್ಪ ಹೇಳಿದ. ಡಿಪೋದ ಮೆಕ್ಯಾನಿಕ್‌ಗಳು ಬಸ್ಸಿನ ಕೆಳಗೆ ನುಗ್ಗಿ ನೋಡಿ, ಬ್ರೇಕು ಸರಿಯಾಗಿಯೇ ಇದೆ ಎಂದರು. ಆಮೇಲೆ ಅವನ ತಲೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ನರಗಳ ಡಾಕ್ಟರಮ್ಮ ಮೆಲ್ಲಗೆ ತಿಳಿಯಹೇಳಿದಳು: "ಇದೂ ಮೂರ್ಛೆಯ ಒಂದು ಜಾತಿ. ನೀವು ಬೀಳೋದಿಲ್ಲ, ನಡುಗೋದಿಲ್ಲ. ಸುಮ್ನೆ ಕೆಲವು ಕ್ಷಣ ನೀವು ಅಲ್ಲಿರೋದಿಲ್ಲ."

"ಅಲ್ಲಿರದೆ ಎಲ್ಲಿಗ್ ಹೋಗ್ತೀನಿ ಡಾಕ್ಟ್ರೇ? ಸೀಟಲ್ಲೇ ಕೂತಿದ್ನಲ್ಲ" ಎಂದ ನಿಧಾನಪ್ಪ. ಹೇಳುವಾಗ ತಮಾಷೆಯ ಧಾಟಿಯೇ ಇತ್ತು. ಆದರೆ ಲೈಸೆನ್ಸು ಹೋಯಿತು. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಗೆ ಅವನನ್ನು ಹಾಕಿದರು. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳ ನಡುವೆ ಕೂತು, ಹೊರಗೆ ಇಂಜಿನ್ನುಗಳು ಏಳುವುದನ್ನು ಕೇಳುತ್ತ ಅವನು ನಿವೃತ್ತಿಯವರೆಗಿನ ದಿನಗಳನ್ನು ದೂಡಿದ. ಮಾತ್ರೆ ನುಂಗುತ್ತಿದ್ದ. ಆದರೆ ಯಾರೇ ಕೇಳಿದರೂ ಬ್ರೇಕಿನ ಮಾತನ್ನು ಬದಲಿಸಲಿಲ್ಲ.

ಅವನ ಮಗಳು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸದಲ್ಲಿದ್ದಳು. ಅಲ್ಲಿ ಹಳೆಯ ಕಂಪ್ಯೂಟರುಗಳನ್ನು ತೆಗೆದು ಹೊಸದು ತಂದಾಗ ಒಂದನ್ನು ಮನೆಗೆ ಹೊತ್ತು ತಂದಳು. ಅಪ್ಪ ಕಿಟಕಿಯ ಪಕ್ಕ ಕೂತು ಬೀದಿಯ ಬಸ್ಸುಗಳಿಗೆ ತನ್ನಷ್ಟಕ್ಕೆ ಬಲಗಾಲು ಒತ್ತುವುದನ್ನು ನೋಡಿ ಅವಳಿಗೆ ಸಂಕಟವಾಗುತ್ತಿತ್ತು. ಬಸ್ಸು ಓಡಿಸುವ ಆಟವೊಂದನ್ನು ಅದರಲ್ಲಿ ಹಾಕಿಕೊಟ್ಟಳು. ಸಹೋದ್ಯೋಗಿಯೊಬ್ಬನಿಂದ ಆಟದ ಸ್ಟೇರಿಂಗು, ಪೆಡಲುಗಳನ್ನೂ ತಂದು ಮೇಜಿಗೆ ಬಿಗಿದಳು.

"ಇದೇನು ಮಕ್ಕಳಾಟ" ಎಂದ ನಿಧಾನಪ್ಪ. ಹಾಗೆಂದು ಕೂತವನು ಊಟಕ್ಕೆ ಏಳಲಿಲ್ಲ.

ಆ ಹಳೆಯ ಯಂತ್ರದಲ್ಲಿ ಚಿತ್ರ ಅಷ್ಟಕ್ಕಷ್ಟೆ. ಮರಗಳು ಹಸಿರು ಬಣ್ಣ ಬಳಿದ ರಟ್ಟಿನಂತಿದ್ದವು. ಪ್ರಯಾಣಿಕರಿಗೆ ಮುಖವೇ ಇರಲಿಲ್ಲ. ಆದರೂ ಅವನು ಒಂದು ಬೇಲಿಗೂ ತಾಗಿಸದೆ ಓಡಿಸಿದ. ಮುಖವಿಲ್ಲದ ಆ ಪ್ರಯಾಣಿಕರು ಕೂರುವವರೆಗೂ ಕಾದ. ಹೊತ್ತು ಮೀರಿತೆಂದು ಆಟ ಪ್ರತಿ ಸಲ ಅಂಕ ಕಳೆಯುತ್ತಿತ್ತು. "ಕಳೀಲಿ ಬಿಡು" ಎನ್ನುತ್ತಿದ್ದ. ಅವನ ದಾರಿಯಲ್ಲಿ ವರ್ಷಗಟ್ಟಲೆ ಜೊತೆಗಿದ್ದ ಕಂಡಕ್ಟರು ರಜೆಯ ದಿನ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಬಾಗಿಲು ಮುಚ್ಚಿದೊಡನೆ "ರೈಟ್, ರೈಟ್!" ಎಂದು ಕೂಗುತ್ತಿದ್ದ. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ತಿಂಗಳುಗಳು ಹೀಗೆ ಕಳೆದವು. ಒಂದೇ ಒಂದು ಅಪಘಾತವಿಲ್ಲ. ನಿಧಾನಪ್ಪನ ಮನಸ್ಸಿನಲ್ಲಿ ಒಂದು ಮಾತು ಮೊಳೆಯಿತು: ನನಗೇನೂ ಆಗಿಲ್ಲ. ಆಗಿದ್ದರೆ ಇಷ್ಟು ದಿನದಲ್ಲಿ ಕಾಣಬೇಕಿತ್ತಲ್ಲ. ಮಾತ್ರೆ ನುಂಗಿದರೆ ಸಂಜೆಯ ಹೊತ್ತಿಗೆ ಕಣ್ಣೆಳೆಯುತ್ತಿತ್ತು, ಸ್ಟೇರಿಂಗಿನ ಮುಂದೆ ಆಕಳಿಕೆ ಬರುತ್ತಿತ್ತು. ಮೊದಲು ಒಂದು ಹೊತ್ತಿನದನ್ನು ಬಿಟ್ಟ. ಏನೂ ಆಗಲಿಲ್ಲ. ಆಮೇಲೆ ಪೂರ್ತಿ ಬಿಟ್ಟ. ಹೆಂಡತಿ ತಂದಿಡುತ್ತಿದ್ದ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ, ಬಚ್ಚಲಿಗೆ ಹೋಗಿ ಉಗಿಯುತ್ತಿದ್ದ. ಇದನ್ನು ಯಾರಿಗೂ ಹೇಳಲಿಲ್ಲ.

ಮಗಳು ಹೊಸ ಗ್ರಾಫಿಕ್ಸ್ ಕಾರ್ಡು ತಂದದ್ದು ಅದೇ ಸುಮಾರಿಗೆ. ಸ್ಟೇರಿಂಗು ಕೊಟ್ಟ ಸಹೋದ್ಯೋಗಿಯೇ ತಾನು ಇನ್ನೂ ದೊಡ್ಡದು ಕೊಂಡು, ತನ್ನ ಹಿಂದಿನದನ್ನು ಇವಳಿಗೆ ದಾಟಿಸಿದ್ದ. ಇಟ್ಟಿಗೆಯಷ್ಟು ತೂಕ, ಎರಡು ಫ್ಯಾನುಗಳು. "ಅಪ್ಪ, ಇದನ್ನ ಹಾಕಿದ್ರೆ ನಿನ್ನ ರಸ್ತೆ ನಿಜವಾದ ರಸ್ತೆ ಥರ ಕಾಣುತ್ತೆ, ನೋಡ್ತಿರು" ಎಂದು ಯಂತ್ರದ ಪಕ್ಕದ ತಗಡು ಬಿಚ್ಚಿ, ಫೋನಿನಲ್ಲಿ ಆ ಸಹೋದ್ಯೋಗಿಯನ್ನು ಕೇಳಿ ಕೇಳಿ ಕೂರಿಸಿದಳು. ನಿಧಾನಪ್ಪ ಕೈಗೆ ಟಾರ್ಚು ಹಿಡಿದು, ಇಂಜಿನ್ ಬಿಚ್ಚುವುದನ್ನು ನೋಡುವವನಂತೆ ಬಗ್ಗಿ ನಿಂತಿದ್ದ.

ಆಟ ತೆರೆದರೆ ಮೊದಲಿಗಿಂತ ಕಡೆಯಾಗಿತ್ತು. ಬಸ್ಸು ಕುಂಟುತ್ತ ಕುಂಟುತ್ತ ಸಾಗಿತು. ಮಗಳ ಮುಖ ಬಾಡಿತು. ಅವಳಿಗೆ ನೋವಾಗಬಾರದೆಂದು ನಿಧಾನಪ್ಪ, "ಪರವಾಗಿಲ್ಲ ಕಣೇ, ಬಣ್ಣ ಚೆನ್ನಾಗಿದೆ" ಎಂದ.

ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯಲ್ಲಿ ಕಂಪ್ಯೂಟರು ರಿಪೇರಿ ಮಾಡುವವನೊಬ್ಬನಿದ್ದ. ಕೈಗಿಂತ ಬಾಯಿ ಮುಂದು. ಅವನನ್ನು ಕರೆಸಿದರು. ಯಂತ್ರದ ಹಿಂಭಾಗ ನೋಡಿದವನೇ ಪಕಪಕ ನಕ್ಕ. "ಏನಕ್ಕಾ ಇದು, ಹೊಸ ಮನೆ ಕಟ್ಟಿಸ್ಬಿಟ್ಟು ಹಳೇ ಮನೆ ಬಾಗಿಲಲ್ಲೇ ಓಡಾಡ್ತಿದ್ದೀರಲ್ಲ!" ಪರದೆಯ ತಂತಿ ಹಳೆಯ ತೂತಿನಲ್ಲಿಯೇ ಇತ್ತು. ಹೊಸ ಕಾರ್ಡು ಸುಮ್ಮನೆ ಒಳಗೆ ಕೂತು ಬಿಸಿಲು ಕಾಯಿಸುತ್ತಿತ್ತು. ತಂತಿಯನ್ನು ಕಿತ್ತು ಕಾರ್ಡಿನ ತೂತಿಗೆ ಸಿಕ್ಕಿಸಿದ.

ಆಗ ತೆರೆದುಕೊಂಡ ರಸ್ತೆಯನ್ನು ನೋಡಲು ನಿಧಾನಪ್ಪ ಮುಂದಕ್ಕೆ ಬಾಗಿದ. ಮಳೆ ನಿಂತ ಮೇಲಿನ ಡಾಂಬರು. ಅದರ ಮೇಲೆ ಮುಂದಿನ ಕಾರಿನ ಕೆಂಪು ದೀಪ ಉದ್ದಕ್ಕೆ ಕರಗಿ ಹರಿದಿತ್ತು. ಪಕ್ಕದ ಕನ್ನಡಿಯಲ್ಲಿ ಅವನದೇ ಬಸ್ಸಿನ ಮೈ. ಒಳಗೆ ಕೂತವರಿಗೆ ಮುಖ ಬಂದಿತ್ತು. ಗಾಜಿನ ಮೇಲಿನ ಹನಿಯೊಂದನ್ನು ಒರೆಸಲು ಅವನು ಕೈ ಚಾಚಿದ. ಬೆರಳು ಪರದೆಗೆ ತಾಗಿತು. ಹೆಂಡತಿ ನೋಡಿದಳೆಂದು ನಾಚಿಕೊಂಡ.

"ಡ್ರೈವರ್ ಸಾಹೇಬ್ರಿಗೆ ಕೆಲಸಕ್ಕೆ ವಾಪಸ್ ಕರೆ ಬಂತಾ?" ಎಂದು ಅವಳು ಛೇಡಿಸಿದಳು.

"ಹೂಂ, ಬಂತು" ಎಂದ. ಅದರಲ್ಲಿ ತಮಾಷೆಯಿರಲಿಲ್ಲ.

ಚಿತ್ರ ತೊದಲಲು ಶುರುವಾದದ್ದು ಆ ವಾರದಲ್ಲೇ. ಬಸ್ಸು ಒಂದು ಮರದ ಹತ್ತಿರ ಇರುತ್ತಿತ್ತು. ಮರುಗಳಿಗೆ ಮರ ಹಿಂದೆ ಬಿದ್ದು, ಬಸ್ಸು ಪಕ್ಕದ ಸಾಲಿಗೆ ಜಾರಿರುತ್ತಿತ್ತು. ನಡುವಿನ ರಸ್ತೆ ಎಲ್ಲಿ ಹೋಯಿತೆಂದೇ ಗೊತ್ತಾಗುತ್ತಿರಲಿಲ್ಲ. ಮಗಳು ಕೂತು ಓಡಿಸಿ ನೋಡಿದಳು. ಅವಳಿಗೂ ಹಾಗೇ ಆಯಿತು: ಊರೊಂದು ಹತ್ತಿರವಾಗುತ್ತಿದ್ದಂತೆ ಪರದೆ ಗಕ್ಕನೆ ನಿಂತು, ಎಳೆದು ಬಿಟ್ಟಂತೆ ಮುಂದೆ ನೆಗೆಯಿತು. "ಹೌದಪ್ಪ, ನಿಲ್ತಿದೆ" ಎಂದಳು. ಆ ಮಾತು ಕೇಳಿ ನಿಧಾನಪ್ಪನ ಎದೆಯ ಮೇಲಿನ ಭಾರವೊಂದು ಇಳಿಯಿತು. ಯಂತ್ರದ ದೋಷ. ಹಾಗಾದರೆ ರಿಪೇರಿ ಆಗುತ್ತದೆ.

ರಿಪೇರಿಯವನು ಮತ್ತೆ ಬಂದ. ಒಳಗೆ ಏನೇನೋ ಹುಡುಕಿ, "ಸಿಕ್ತು. ಹಳೇ ಡ್ರೈವರ್ ಒಳಗೇ ಕೂತಿದ್ದಾನೆ ಯಜಮಾನ್ರೇ. ಅವನನ್ನ ಪೂರ್ತಿ ಕಿತ್ತು ಹಾಕಿ ಹೊಸ ಡ್ರೈವರ್ ಹಾಕ್ಬೇಕು" ಎಂದ.

ಕಾರ್ಡನ್ನು ನಡೆಸುವ ಸಾಫ್ಟ್‌ವೇರಿಗೆ ಡ್ರೈವರ್ ಎನ್ನುತ್ತಾರೆ ಎಂದು ಮಗಳು ಗಡಿಬಿಡಿಯಲ್ಲಿ ವಿವರಿಸಿದಳು. ನಿಧಾನಪ್ಪ ತಲೆಯಾಡಿಸಿದ. "ಗೊತ್ತಾಯ್ತು ಬಿಡಮ್ಮ. ನಮ್ಮ ಡಿಪೋದಲ್ಲೂ ಇದನ್ನೇ ಮಾಡಿದ್ರು."

ಹೊಸದು ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತು. ಪೂರ್ತಿಯಲ್ಲ. ಆಮೇಲೆ ಸರದಿ ಬಂದದ್ದು ಹೆಂಡತಿಯ ಇಸ್ತ್ರಿ ಪೆಟ್ಟಿಗೆಯದು. ಅವಳು ಆ ಕಟ್ಟಡದ ಮನೆಗಳ ಬಟ್ಟೆಗಳನ್ನು ಅದೇ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಯಂತ್ರದ ಫ್ಯಾನುಗಳಿಗೆ ಬಟ್ಟೆಯ ನವಿರು ನಾರು ಮೆತ್ತಿಕೊಂಡು ಕಂಬಳಿಯಂತಾಗಿತ್ತು. ರಿಪೇರಿಯವನು ಅದನ್ನು ಸುರುಳಿ ಸುತ್ತಿ ತೆಗೆದು ಎಲ್ಲರಿಗೂ ತೋರಿಸಿದ. "ಉಸಿರಾಡಕ್ಕೇ ಆಗ್ತಿಲ್ಲ ಇದಕ್ಕೆ. ಮೇಲಿಂದ ಇಸ್ತ್ರಿ ಶಾಖ ಬೇರೆ."

ತಾನೇ ಏನೋ ಕೆಡಿಸಿದೆನೆಂಬಂತೆ ಹೆಂಡತಿ ಮರುದಿನವೇ ಇಸ್ತ್ರಿ ಮೇಜನ್ನು ಎಳೆದುಕೊಂಡು ಹೊರಗಿನ ಪಡಸಾಲೆಗೆ ಹೋದಳು. ಅಲ್ಲಿ ಬೆಳಕು ಸಾಲದು. ಹೋಗಿಬರುವವರು ಬಟ್ಟೆಗಳಿಗೆ ತಾಗಿಕೊಂಡೇ ಹೋಗುತ್ತಿದ್ದರು. ಒಂದು ಬಿಳಿ ಅಂಗಿ ಸುಟ್ಟು ಕಂದಾಗಿ, ಬಟ್ಟೆಯವರಿಂದ ಬೈಸಿಕೊಂಡಳು. ಒಳಗೆ ಬಂದು ಅವನಿಗೆ ಹೇಳಲಿಲ್ಲ. "ಈಗ ಹೇಗಿದೆ ರೀ? ಇನ್ನೂ ನಡುನಡುವೆ ನಿಲ್ಲುತ್ತಾ?" ಎಂದಷ್ಟೇ ಕೇಳಿದಳು.

"ಇನ್ನೂ ನಿಲ್ಲುತ್ತೆ ಕಣೇ" ಎಂದ.

ಹೊಸ ಕಾರ್ಡಿನ ಹಸಿವಿಗೆ ಹಳೆಯ ಪವರ್ ಪೆಟ್ಟಿಗೆ ಸಾಲದೆಂದು ಅದನ್ನು ಬದಲಿಸಿದರು. ಆಟವನ್ನು ಹಳೆಯ ಡಿಸ್ಕಿನಿಂದ ವೇಗದ ಡಿಸ್ಕಿಗೆ ಸಾಗಿಸಿದರು. ಊರು ಹತ್ತಿರವಾದಾಗ ನೆಗೆಯುತ್ತಿದ್ದದ್ದು ಅಲ್ಲಿಗೆ ನಿಂತಿತು. ಮೂಲ ಯಂತ್ರವೇ ಹಳೆಯದು, ಕಾರ್ಡು ಮಾತ್ರ ಹೊಸದು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ ಎಂದು ರಿಪೇರಿಯವನು ಕೈಚೆಲ್ಲಿದ. ಕೊನೆಗೆ ಚಿತ್ರದ ಗುಣಮಟ್ಟವನ್ನು ಒಂದು ಹಂತ ಇಳಿಸಿ, ಎರಡನ್ನೂ ಹೇಗೋ ಒಂದೇ ನೊಗಕ್ಕೆ ಕಟ್ಟಿದ. ಮಗಳು ಓಡಿಸಿ ನೋಡಿದಳು. ಊರು ಬಂತು, ಸೇತುವೆ ಬಂತು, ಮಳೆ ಬಂತು. ಎಲ್ಲೂ ತಡೆಯಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಸ್ಸು ಸಾಗಿತು. "ಸರಿಹೋಯ್ತಪ್ಪ!" ಎಂದು ಚಪ್ಪಾಳೆ ತಟ್ಟಿದಳು.

ಮರುದಿನ ನಿಧಾನಪ್ಪನ ಬಸ್ಸು ಹೊಳೆಯ ದಂಡೆಯ ಬೇಲಿ ಮುರಿದು ನೀರಿಗೆ ಬಿತ್ತು.

ಅವನು ಯಾರಿಗೂ ಹೇಳದೆ ಮತ್ತೆ ಮೊದಲಿನಿಂದ ಹೊರಟ. ಮತ್ತೆ ಒಂದು ಕಡೆ ರಸ್ತೆ ಕಳೆದುಹೋಯಿತು. ದಾರಿಯ ನಡುವೆ ಹೆಜ್ಜೆಯೊಂದು ಇಲ್ಲವಾದ ಹಾಗೆ. ಕನ್ನಡಕ ಬದಲಿಸಿದ. ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಫ್ಯಾನುಗಳ ಸದ್ದಿಗೆ ಕಿವಿಗೊಟ್ಟ. ಅಂಗಡಿಗೆ ಇಳಿದು, "ಇನ್ನೂ ನಿಲ್ತಿದೆಯಪ್ಪ" ಎಂದ. "ನಿನ್ನೆ ಸರಿ ಇತ್ತಲ್ಲ ಯಜಮಾನ್ರೇ" ಎಂದು ರಿಪೇರಿಯವನು ತಲೆ ಕೆರೆದುಕೊಂಡ. ಅವನಿಗೂ ಸಾಕಾಗಿತ್ತು.

ಆ ಭಾನುವಾರ ಬಂದ ಕಂಡಕ್ಟರು, ಬಸ್ಸು ಕಂಬಕ್ಕೆ ಗುದ್ದಿದ್ದನ್ನು ನೋಡಿ, ನಗಿಸಲೆಂದೇ, "ಏನ್ ಗುರುವೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ.

ನಿಧಾನಪ್ಪ ಎದ್ದು ನಿಂತ. ಅವನು ಯಾರ ಮೇಲೂ ದನಿಯೇರಿಸಿದ್ದನ್ನು ಆ ಮನೆಯವರು ಕಂಡಿರಲಿಲ್ಲ. "ಹೋಗು. ಎದ್ದು ಹೋಗು ಇಲ್ಲಿಂದ. ನೀನೂ ಅವರ ಕಡೆಯವನೇ."

"ಯಾರ ಕಡೆ? ಏನ್ ಮಾತಾಡ್ತಿದ್ದೀಯ?"

"ಬ್ರೇಕ್ ಹಿಡೀಲಿಲ್ಲ ಅಂದಾಗ್ಲೂ ಎಲ್ಲಾ ಹಿಂಗೇ ನಕ್ಕಿದ್ದು."

ಕಂಡಕ್ಟರ ನಗು ಮಾಯವಾಯಿತು. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮಗಳ ಒತ್ತಾಯಕ್ಕೆ ರಿಪೇರಿಯವನು ಕೊನೆಯ ಸಲವೆಂದು ಒಂದು ಮಧ್ಯಾಹ್ನ ಬಂದ. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿವೆಯೆಂದು ತೋರಿಸುವ ಅಂಕಿಯೊಂದನ್ನು ಪರದೆಯ ಮೂಲೆಯಲ್ಲಿ ಹಾಕಿದ. ಯಂತ್ರ ತಡೆದರೆ ಆ ಅಂಕಿ ದಬಕ್ಕನೆ ಇಳಿಯುತ್ತದೆ, ಅದನ್ನು ಫೋನಿನಲ್ಲಿ ವಿಡಿಯೋ ಹಿಡಿದು ತನಗಿಂತ ತಿಳಿದವರೊಬ್ಬರಿಗೆ ಕಳಿಸುತ್ತೇನೆ ಎಂದ. ನಿಧಾನಪ್ಪನ ಹೆಗಲ ಹಿಂದೆ ಫೋನು ಹಿಡಿದು ನಿಂತ. ಮಗಳು ಮೇಜಿನ ಪಕ್ಕ ಕುಳಿತು ಅಂಕಿಯ ಮೇಲೆ ಕಣ್ಣಿಟ್ಟಳು. ಹೆಂಡತಿ ಇಸ್ತ್ರಿ ಆರಿಸಿ ಬಾಗಿಲಿಗೆ ಬಂದು ನಿಂತಳು.

ಬಸ್ಸು ನಿಲ್ದಾಣ ಬಿಟ್ಟಿತು. ಎರಡು ತಂಗುದಾಣ ದಾಟಿತು. ಹತ್ತಿದವರೆಲ್ಲ ಕೂತ ಮೇಲೆಯೇ ನಿಧಾನಪ್ಪ ಮುಂದೆ ಬಿಟ್ಟ. ಇಕ್ಕೆಲದಲ್ಲಿ ಮರಗಳಿದ್ದ ಉದ್ದನೆಯ ದಾರಿ. ಮುಂದೆ ಎಡಕ್ಕೊಂದು ತಿರುವು. ತಿರುವು ಹತ್ತಿರವಾಯಿತು. ಬಸ್ಸು ಎಡಕ್ಕೆ ಹೊರಳಲಿಲ್ಲ.

"ಅಪ್ಪ, ತಿರುಗಿಸು" ಎಂದಳು ಮಗಳು.

ಬಸ್ಸು ನಡುಗೆರೆ ದಾಟಿತು.

"ಅಪ್ಪ. ಎಡಕ್ಕೆ. ಅಪ್ಪ... ಅಪ್ಪಾ!"

ಬಸ್ಸು ಹೊಲಕ್ಕೆ ಇಳಿದು, ಕಲ್ಲುಗೋಡೆಗೆ ಗುದ್ದಿ ನಿಂತಿತು. ಆಮೇಲೆ ನಿಧಾನಪ್ಪನ ಹೆಗಲು ಸಣ್ಣಗೆ ಅಲುಗಿತು. ಅವನು ಗೆಲುವಿನಿಂದ ಮಗಳ ಕಡೆ ತಿರುಗಿದ.

"ನೋಡಿದ್ಯಾ? ನೋಡಿದ್ಯಾ, ಹೇಗೆ ನಿಂತುಬಿಡ್ತು! ಈಗ್ಲಾದ್ರೂ ನಂಬ್ತೀರಾ?"

ಮೂಲೆಯ ಅಂಕಿ ಒಂದಿಷ್ಟೂ ಇಳಿದಿರಲಿಲ್ಲ.

"ಬಂತಾ ವಿಡಿಯೋದಲ್ಲಿ? ತೋರ್ಸು" ಎಂದು ನಿಧಾನಪ್ಪ ಕೈ ಚಾಚಿದ. ರಿಪೇರಿಯವನು ಮಗಳ ಮುಖ ನೋಡಿದ. ಅವಳು ಬೇಡವೆನ್ನಲೂ ಇಲ್ಲ, ಕೊಡು ಎನ್ನಲೂ ಇಲ್ಲ. ಕೊನೆಗೆ ಫೋನು ನಿಧಾನಪ್ಪನ ಕೈಗೆ ಬಂತು.

ಅದರಲ್ಲಿ ರಸ್ತೆ ಎಲ್ಲೂ ನಿಂತಿರಲಿಲ್ಲ. ಮರಗಳು ಒಂದಾದ ಮೇಲೊಂದು ಸರಾಗವಾಗಿ ಹಿಂದೆ ಸರಿಯುತ್ತಿದ್ದವು. ಚಿತ್ರದ ಕೆಳಗಡೆ, ಸ್ಟೇರಿಂಗಿನ ಮೇಲೆ ಅವನವೇ ಎರಡು ಕೈಗಳಿದ್ದವು. ತಿರುವು ಬಂದಾಗ ಕೈಗಳು ಅಲುಗಲಿಲ್ಲ. ಬಲಗೈಯ ಹೆಬ್ಬೆರಳು ಮಾತ್ರ ಸ್ಟೇರಿಂಗಿನ ಅಂಚನ್ನು ಉಜ್ಜುತ್ತಿತ್ತು. ಕೊಳೆ ಒರೆಸುವ ಹಾಗೆ, ಬಿಡದೆ. ಮಗಳ ದನಿ ಕೇಳಿಸಿತು. ಮತ್ತೆ ಕೇಳಿಸಿತು. ಆಮೇಲೆ ಕಿರುಚಿದ್ದು.

ಅವನು ಅದನ್ನು ಇನ್ನೊಮ್ಮೆ ನೋಡಿದ. ಫೋನನ್ನು ಕಿವಿಯ ಹತ್ತಿರ ಹಿಡಿದು ಕೇಳಿದ.

"ಯಾವಾಗ ಕರೆದೆ ನೀನು?" ಎಂದು ಮಗಳನ್ನು ಕೇಳಿದ. "ನನಗೆ ಕೇಳಿಸ್ಲೇ ಇಲ್ವಲ್ಲ."

ರಿಪೇರಿಯವನು ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡ. "ಇದನ್ನ ಅಳಿಸಿಬಿಡ್ಲಾ ಅಕ್ಕ?" ಎಂದು ಮೆಲ್ಲಗೆ ಕೇಳಿದ.

"ಬೇಡ. ನನಗೆ ಕಳ್ಸಿ. ಡಾಕ್ಟ್ರಿಗೆ ತೋರಿಸ್ಬೇಕು."

ಅವನು ಹೋದ ಮೇಲೆ ನಿಧಾನಪ್ಪ ಅಲ್ಲೇ ಕುಳಿತಿದ್ದ. ಪರದೆಯಲ್ಲಿ ಬಸ್ಸು ಗೋಡೆಗೆ ಮೂತಿ ಇಟ್ಟುಕೊಂಡು ಗುರುಗುಡುತ್ತಿತ್ತು. ಒಳಗಿನ ಪ್ರಯಾಣಿಕರು ತಮ್ಮ ತಮ್ಮ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದರು. ಹೆಂಡತಿ ಬಂದು ಅವನ ತಲೆಯ ಮೇಲೆ ಕೈಯಿಟ್ಟಳು. ಇಸ್ತ್ರಿಯ ಬಿಸಿ ಆ ಕೈಯಲ್ಲಿ ಇನ್ನೂ ಇತ್ತು.

"ಬ್ರೇಕ್ ಸರಿಯಾಗೇ ಇತ್ತು ಕಣೇ" ಎಂದ ನಿಧಾನಪ್ಪ.

"ಇರ್ಲಿ ಬಿಡಿ."

"ಇರ್ಲಿ ಅಂದ್ರೆ ಹೇಗೆ? ಆ ಹೊಲಿಗೆಯಮ್ಮನ ಕೈ..."

ಮಾತ್ರೆಗಳನ್ನು ಉಗಿಯುತ್ತಿದ್ದೆನೆಂದು ಅವನು ಹೇಳಿದ್ದು ಡಾಕ್ಟರಮ್ಮನ ಮುಂದೆ. ಹೆಂಡತಿ ಪಕ್ಕದಲ್ಲೇ ಇದ್ದಳು. ಅವನ ಕಡೆ ನೋಡಲಿಲ್ಲ. ಡಾಕ್ಟರಮ್ಮ ಬೈಯಲಿಲ್ಲ. ವಿಡಿಯೋವನ್ನು ಎರಡು ಸಲ ನೋಡಿ, ಹೆಬ್ಬೆರಳನ್ನು ತೋರಿಸಿ, "ಇದೇ ಗುರುತು" ಎಂದಳು. ಕಾರ್ಡಿನಿಂದ ಬಂದದ್ದಲ್ಲ, ಆಟದಿಂದ ಬಂದದ್ದಲ್ಲ, ಮಾತ್ರೆ ತಪ್ಪಿಸಿದ್ದರಿಂದ ತಿರುಗಿ ಬಂದದ್ದು ಎಂದಳು.

"ಈಗ ನುಂಗಿದ್ರೆ ನಿಲ್ಲುತ್ತಾ?"

"ಕಡಿಮೆ ಆಗುತ್ತೆ. ಪೂರ್ತಿ ನಿಲ್ಲುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಒಂದು ಸಲ ಬಿಟ್ಟು ಮತ್ತೆ ಶುರು ಮಾಡಿದಾಗ ಕೆಲವರಿಗೆ ಮೊದಲಿನಷ್ಟು ಹಿಡಿತ ಸಿಗೋದಿಲ್ಲ. ಮಾತ್ರೆ ಬದಲಿಸಿ ನೋಡೋಣ."

"ನನಗೆ ಗೊತ್ತಾಗೋ ಹಾಗೆ ಏನಾದ್ರೂ ಮಾಡಕ್ಕಾಗುತ್ತಾ ಡಾಕ್ಟ್ರೇ? ಅದು ಬರೋವಾಗ?"

ಡಾಕ್ಟರಮ್ಮ, "ನಿಮ್ಮ ಥರದ್ದರಲ್ಲಿ ಹೆಚ್ಚಾಗಿ ಗೊತ್ತಾಗೋದಿಲ್ಲ" ಎಂದಳು.

ಮನೆಗೆ ಬಂದ ಮೇಲೆ ಗಂಡ ಹೆಂಡಿರ ನಡುವೆ ಮಾತು ಕಡಿಮೆಯಾಯಿತು. ಒಂದು ಸಂಜೆ ಅವಳೇ ಬಾಯಿಬಿಟ್ಟಳು. "ಆ ಹೆಬ್ಬೆರಳು ಉಜ್ಜೋದನ್ನ ಊಟಕ್ಕೆ ಕೂತಾಗ ಎಷ್ಟೋ ಸಲ ನೋಡಿದ್ದೆ. ತಟ್ಟೆ ಅಂಚು ಉಜ್ತಾ ಕೂತಿರ್ತಿದ್ರಿ. ಏನೋ ಯೋಚನೆ ಮಾಡ್ತಿದ್ದೀರಿ, ಯಾಕೆ ತೊಂದ್ರೆ ಕೊಡೋದು ಅಂತ ನಾನು ಸುಮ್ನಿರ್ತಿದ್ದೆ." ಹೇಳುತ್ತ ಹೇಳುತ್ತ ಅತ್ತಳು. ಅವನು ಎದ್ದು ಹೋಗಿ ಪಡಸಾಲೆಯಲ್ಲಿದ್ದ ಇಸ್ತ್ರಿ ಮೇಜನ್ನು ಒಬ್ಬನೇ ಎಳೆದು ತಂದು ಕೋಣೆಯೊಳಗೆ, ಅದರ ಹಳೆಯ ಜಾಗದಲ್ಲಿ ಇಟ್ಟ.

ಹೊಲಿಗೆ ಕೆಲಸದ ಆ ಹೆಂಗಸನ್ನು ಕಾಣಬೇಕೆಂಬುದು ಅವನ ತಲೆಗೆ ಹತ್ತಿತು. ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ನಿಂತು, "ಬ್ರೇಕ್ ಕೈಕೊಡ್ತು ತಾಯಿ, ನನ್ನ ತಪ್ಪಿಲ್ಲ" ಎಂದು ಹೇಳಿ ಬಂದಿದ್ದ. ಅವಳೂ ಅದನ್ನು ನಂಬಿ, "ನೀವೇನು ಮಾಡ್ತೀರಿ ಪಾಪ" ಎಂದಿದ್ದಳು. ಹೆಂಡತಿಯ ಜೊತೆ ಬಸ್ಸಿನಲ್ಲಿ ಕೂತು ಹೋಗಿ, ಆ ಬೀದಿಯಲ್ಲಿ ಕೇಳುತ್ತ ಕೇಳುತ್ತ ಮನೆ ಹುಡುಕಿದ. ಬಾಗಿಲು ತೆರೆದವರು ಬೇರೆ ಯಾರೋ. ಮೊದಲಿದ್ದವರು ಎಲ್ಲಿಗೆ ಹೋದರೋ ತಿಳಿಯದು, ಕೈ ನೋವೆಂದು ಹೊಲಿಗೆ ಯಂತ್ರವನ್ನು ಇಲ್ಲೇ ಬಿಟ್ಟು ಹೋದರು ಎಂದರು. ಅದು ಇನ್ನೂ ಜಗಲಿಯಲ್ಲಿತ್ತು. ಮೇಲೆ ಹೂವಿನ ಕುಂಡ ಇಟ್ಟಿದ್ದರು. ನಿಧಾನಪ್ಪ ಅದರ ಪೆಡಲನ್ನು ನೋಡುತ್ತ ನಿಂತುಬಿಟ್ಟ. ಹೆಂಡತಿ ಗಾಬರಿಯಿಂದ ಅವನ ಕೈ ನೋಡಿದಳು. ಹೆಬ್ಬೆರಳು ಅಲುಗುತ್ತಿರಲಿಲ್ಲ. ಅವನು ಅಲ್ಲೇ ಇದ್ದ, ಅಳುತ್ತಿದ್ದ.

ಕಂಡಕ್ಟರು ತಾನಾಗಿಯೇ ಬಂದ. ಹೋಗು ಎನಿಸಿಕೊಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಇಬ್ಬರೂ ಕಿಟಕಿಯ ಬಳಿ ಕೂತರು.

"ಅವತ್ತು ಬಸ್ಸು ಪಾರ್ಕಿನ ಗೋಡೆಗೆ ಗುದ್ದಿದಾಗ ನೀನೂ ಒಳಗಿದ್ದೆ. ಏನ್ ನೋಡ್ದೆ? ನಿಜ ಹೇಳು" ಎಂದ ನಿಧಾನಪ್ಪ.

ಕಂಡಕ್ಟರು ತನ್ನ ಅಂಗೈ ನೋಡಿಕೊಂಡ. "ವಿಸಿಲ್ ಹೊಡ್ದೆ. ತಿರುಗ್ಲಿಲ್ಲ ನೀನು. ಮತ್ತೆ ಹೊಡ್ದೆ. ಓಡಿ ಬರೋ ಹೊತ್ತಿಗೆ ಗೋಡೆ ಬಂದಿತ್ತು. ನಿನ್ನ ಕಾಲು ಬ್ರೇಕ್ ಮೇಲೆ ಇರಲೇ ಇಲ್ಲ."

"ಇಷ್ಟು ವರ್ಷ ಹೇಳ್ಲಿಲ್ವಲ್ಲೋ."

"ಕೆಲಸ ಹೋಯ್ತು, ಲೈಸೆನ್ಸ್ ಹೋಯ್ತು. ಬ್ರೇಕ್ ಒಂದಿತ್ತು ನಿನ್ನ ಹತ್ರ. ಅದನ್ನೂ ನಾನೇ ಕಿತ್ಕೊಳ್ಳಲಾ?"

ಕಂಡಕ್ಟರು ಕೂತೇ ಇದ್ದ. ಹೆಂಡತಿ ಟೀ ತಂದಿಟ್ಟಳು. ಇಬ್ಬರ ಲೋಟವೂ ಆರಿತು.

ಸ್ಟೇರಿಂಗನ್ನು ಬಿಚ್ಚಿ ಮಂಚದ ಕೆಳಗೆ ಇಟ್ಟಿದ್ದಾರೆ. ಬೇಡವೆಂದು ಯಾರೂ ಹೇಳಿರಲಿಲ್ಲ, ಅವನೇ ಬಿಚ್ಚಿದ. ಯಂತ್ರದಲ್ಲಿ ಈಗ ಮಗಳು ಪ್ರೆಸ್ಸಿನ ಕೆಲಸ ಮಾಡಿಕೊಳ್ಳುತ್ತಾಳೆ. ಪುಟಗಳು ಸರಸರನೆ ತೆರೆಯುತ್ತವೆ, ಕಾರ್ಡು ಅಷ್ಟು ಚೆನ್ನಾಗಿದೆ. ಹೊಸ ಮಾತ್ರೆ ಅವನಿಗೆ ಅರ್ಧ ಹಿಡಿದಿದೆ, ಅರ್ಧ ಹಿಡಿದಿಲ್ಲ. ಡಾಕ್ಟರಮ್ಮ ಅದನ್ನು ಒಮ್ಮೆ ಏರಿಸುತ್ತಾಳೆ, ಒಮ್ಮೆ ಬದಲಿಸುತ್ತಾಳೆ. ಏರಿಸಿದರೆ ದಿನವೆಲ್ಲ ತೂಕಡಿಕೆ, ಇಳಿಸಿದರೆ ಮತ್ತೆ ಅದೇ. ಹೆಂಡತಿ ಈಗ ಅವನನ್ನು ಒಬ್ಬನೇ ರಸ್ತೆ ದಾಟಲು ಬಿಡುವುದಿಲ್ಲ. ಬಿಸಿ ಪಾತ್ರೆ ಎತ್ತಲು ಬಿಡುವುದಿಲ್ಲ.

ಅದು ಬರುವುದು ಯಾವಾಗಲೆಂದು ಹೇಳಲಾಗದು. ಮಾತಿನ ಮಧ್ಯೆ ಬರುತ್ತದೆ, ಅಂಗಿಯ ಗುಂಡಿ ಹಾಕುವಾಗ ಬರುತ್ತದೆ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟು, ಪಕ್ಕಕ್ಕೆ ಬಂದು, ಅವನ ತೋಳು ಹಿಡಿದು ಕಾಯುತ್ತಾಳೆ. ಕಣ್ಣು ಮರಳಿದಾಗ, ತನ್ನ ತೋಳಿನ ಮೇಲೆ ಅವಳ ಕೈ ಕಂಡು ಅವನಿಗೆ ಗೊತ್ತಾಗುತ್ತದೆ.

"ಎಷ್ಟು ಹೊತ್ತು ಹೋಗಿದ್ದೆ?" ಎಂದು ಕೇಳುತ್ತಾನೆ.

"ಸ್ವಲ್ಪ" ಎನ್ನುತ್ತಾಳೆ. ಎಷ್ಟು ಹೊತ್ತಾಗಿದ್ದರೂ ಅವಳು ಹೇಳುವುದು ಅಷ್ಟೇ. ಆಮೇಲೆ ಅವನು ಅರ್ಧಕ್ಕೆ ಬಿಟ್ಟಿದ್ದ ಗುಂಡಿಯನ್ನು ತಾನೇ ಹಾಕಿ, ಇಸ್ತ್ರಿ ಮೇಜಿಗೆ ಹಿಂತಿರುಗುತ್ತಾಳೆ.